ಅಂವಾ ಆವತ್ತು ಸಾಲಿಗೇ ಬಂದಿರ್ಲಿಲ್ಲ

ಐದನೇ ಕ್ಲಾಸಿನ ಬೋರ್ಡಿನ ಎಡಗಡೆ ಮೂಲ್ಯಾಗ ಒಂದು ಚೌಕ ಐತಿ. ಯಾರ್ ಹಾಕಿದ್ರೋ ಯಾವಾಗ ಹಾಕಿದ್ರೋ ಗೊತ್ತಿಲ್ಲ, ನಾ ಈ ಸಾಲಿ ಸೇರಿದಾಗಿಂದ ನೋಡಾಕತ್ತೀನಿ, ಎಷ್ಟ್ ಡಸ್ಟರ್ ತಿಕ್ಕಿದ್ರೂ ಅದರ ಗೆರಿ ಹೋಗೂದಿಲ್ಲ. ಮ್ಯಾಲ 'ಟಾಕರ್ಸ್' ಅಂತ ಬರದಿರ್ತಾರ. ಮಿಸ್ ಇಲ್ಲದಾಗ ಯಾರು ಮಾತಾಡ್ತಾರೋ ಅವರ ಹೆಸರು ಲೀಡರ್ ಅಲ್ಲಿ ಬರೀಬೇಕು, ಮತ್ತ ಮಾತಾಡಿದ್ರ ಮುಂದ ಒಂದು ಇಂಟು ಮಾರ್ಕು, ಮತ್ತೂ ಮಾತಾಡಿದ್ರ ಇನ್ನೊಂದು. ಇದನ್ನೇನು ನಿಮಗ ಬಿಡಿಸಿ ಹೇಳೂದು ಬ್ಯಾಡ, ನೀವೂ ಒಂದ ಬರದೀರಿ, ಇಲ್ಲಾ ಬರಸ್ಕೊಂಡೀರಿ.

ಎರಡು ವರ್ಷದ ಹಿಂದಿನ ಮಾತು, ಜುಲೈ ತಿಂಗಳು, ಹೊರಗ ಜಿಟಿಜಿಟಿ ಮಳಿ. ಸ್ಟಾಫ್ ರೂಮಿನಾಗ ಚಾ ಕುಡದು ಐದು ನಿಮಿಷ ತಡಾ ಮಾಡಿ ಕ್ಲಾಸಿಗೆ ಹೋದೆ. ಚೌಕದಾಗ ಐದು ಹೆಸರಿದ್ದವು, ಎಲ್ಲಾಕಿಂತ ಮ್ಯಾಲ ರೋಲ್ ನಂಬರ್ 23ರ ಹುಡುಗಂದು, ಮುಂದ ನಾಲ್ಕು ಇಂಟು. (ಹೆಸರು ಹೇಳೂದಿಲ್ಲ, ಈಗ ಏಳನೇದಾಗ ಅದಾನ, ಮೀಸಿ ಬರೂ ವಯಸ್ಸು, ಬೇಜಾರ ಮಾಡ್ಕೋತಾನ.) ನಾ ರೂಢಿ ಪ್ರಕಾರ ಬೋರ್ಡ್ ಕಡೇನ ನೋಡ್ಕೋತ, 'ಏಳಪಾ ಮ್ಯಾಲ, ನಿಂದಂತೂ ದಿನಾ ಇದ್ದದ್ದ' ಅಂದೆ. ಯಾರೂ ಏಳ್ಲಿಲ್ಲ. ಹಿಂದಿನ ಬೆಂಚಿನಿಂದ ಒಂದು ಹುಡುಗಿ, 'ಮಿಸ್, ಅಂವಾ ಇವತ್ತು ಬಂದೇ ಇಲ್ರೀ.'

ಇಡೀ ಕ್ಲಾಸ್ ನಕ್ತು. ನಾನೂ ನಕ್ಕೆ, ಸುಳ್ಳ್ಯಾಕ ಹೇಳ್ಲಿ. ಲೀಡರ್ ಹುಡುಗಿ ಮಾರಿ ಕೆಂಪಗಾಗಿತ್ತು. 'ಮಿಸ್, ನಾ ದಿನಾ ಮುಂಜಾನೆ ಮೊದಲ ಅವನ ಹೆಸರು ಬರದ ಇಟ್ಟಿರ್ತೀನ್ರೀ, ಹೆಂಗಿದ್ರೂ ಮಾತಾಡ್ತಾನಲ್ರೀ' ಅಂದ್ಲು. ಹಂಗಾದ್ರ ಇಂಟು ಯಾಕ ಹಾಕಿದಿ ಅಂತ ಕೇಳಿದ್ರ, ಆ ಬೆಂಚಿನ ಕಡಿಯಿಂದ ಸಪ್ಪಳ ಬಂತು, ಅವನ ಇರಬೇಕು ಅನ್ಕೊಂಡೆ ಅಂದ್ಲು.

ಸಂಜೀಕ ಧಾರವಾಡಕ್ಕ ಹೋಗೂ ಚಿಗರಿ ಬಸ್ಸಿನಾಗ ಕಿಡಕಿ ಹಂತ್ಯಾಕ ಕುಂತಾಗ ಆ ನಗು ಗಂಟಲಾಗ ಸಿಕ್ಕೊಂಡಂಗ ಆತು. ಅಕಿ ಹತ್ತು ವರ್ಷದ ಹುಡುಗಿ, ಅಕಿದೇನು ತಪ್ಪು. ಬೋರ್ಡ್ ನೋಡಿ, ಬೆಂಚ್ ನೋಡ್ದನ, 'ನಿಂದಂತೂ ದಿನಾ ಇದ್ದದ್ದ' ಅಂದಾಕಿ ನಾನು. ಜ್ವರ ಬಂದು ಮನ್ಯಾಗ ಮಲಗಿದ್ದ ಹುಡುಗ ಸಾಲ್ಯಾಗ ನಾಲ್ಕು ಸಲ ಮಾತಾಡಿದ್ದ.

ಮೂರು ಶಬ್ದದ ಚಾರ್ಟು

ನಮ್ದು ಕ್ಯಾಥೋಲಿಕ್ ಸಿಸ್ಟರ್‌ಗಳು ನಡಸೂ ಸಾಲಿ. ಹುಬ್ಬಳ್ಳ್ಯಾಗ ಇಂಥಾ ಸಾಲಿಗಳು ಹೆಂಗಿರ್ತಾವ ಅಂತ ನಿಮಗ ಗೊತ್ತೈತಿ, ಗೇಟಿನ ಒಳಗ ಮೇರಿ ಮಾತೆಯ ಗ್ರೊಟ್ಟೊ (ಗವಿಯಂಥಾ ಸಣ್ಣ ಗುಡಿ), ಪರೀಕ್ಷೆ ದಿನ ಅದರ ಮುಂದ ವಿಭೂತಿ ಹಚ್ಚಿದವರು, ಟೊಪ್ಪಿಗಿ ಹಾಕಿದವರು, ಎಲ್ಲಾರೂ ಒಂದು ನಿಮಿಷ ನಿಂತ ಹೋಗ್ತಾರ. ರೈಲ್ವೆ ಕೆಲಸಕ್ಕ ಅಂತ ಬಂದು ನೆಲಸಿದ ಗೋವಾದವರು, ತಮಿಳರು, ತೆಲುಗರು, ಅವರ ಮೊಮ್ಮಕ್ಕಳು ಒಂದಿಷ್ಟ್ ಮಂದಿ ಅದಾರ, ಆದ್ರ ನನ್ನ ಕ್ಲಾಸಿನ 52 ಮಕ್ಕಳೊಳಗ ಕ್ರಿಶ್ಚಿಯನ್ ಮಕ್ಕಳು ನಾಲ್ಕೋ ಐದೋ. ಅವು ಕ್ಯಾಟೆಕಿಸಂಗೆ, ಅಂದ್ರ ತಮ್ಮ ಧರ್ಮದ ಪಾಠಕ್ಕ, ಹೋದಾಗ ಉಳಿದವರಿಗೆಲ್ಲಾ ಮಾರಲ್ ಸೈನ್ಸು. ಸತ್ಯ ಹೇಳಬೇಕು, ಹಿರಿಯರಿಗೆ ಗೌರವ ಕೊಡಬೇಕು ಅಂತ ಪುಸ್ತಕದಾಗ ಓದಿ ಖಾಲಿ ಬಿಟ್ಟ ಸ್ಥಳ ತುಂಬಿ ಹತ್ತಕ್ಕ ಹತ್ತು ತಗೊಂಡು, ಗಂಟಿ ಹೊಡದ ಕೂಡ್ಲೆ ನಳದ ಹಂತ್ಯಾಕ ಒಬ್ಬರನ್ನೊಬ್ಬರು ದಬ್ಬೂದು.

ಅದ ವರ್ಷ ಪ್ರಿನ್ಸಿಪಾಲ್ ಸಿಸ್ಟರ್ ಬೆಳಗಾವಿಗೆ ಯಾವುದೋ ಟ್ರೇನಿಂಗಿಗೆ ಹೋಗಿ ಬಂದ್ರು, ಬರೂಮುಂದ ಒಂದು ಫೈಲ್ ತಂದ್ರು. ಪಿ.ಬಿ.ಐ.ಎಸ್. (ಪಾಸಿಟಿವ್ ಬಿಹೇವಿಯರಲ್ ಇಂಟರ್ವೆನ್ಶನ್ಸ್ ಅಂಡ್ ಸಪೋರ್ಟ್ಸ್) ಅಂತ ಅದರ ಹೆಸರು, ಮಕ್ಕಳಿಗೆ ಚೊಲೋ ನಡತಿ ಕಲಸೂ ಪದ್ಧತಿ, ಅಮೆರಿಕಾದ ಒರೆಗಾನ್ ವಿಶ್ವವಿದ್ಯಾಲಯದ ಕಡೆ ಬೆಳದು ಬಂದ ಪದ್ಧತಿ, 1997ರಾಗ ಅಲ್ಲಿನ ವಿಶೇಷ ಅಗತ್ಯದ ಮಕ್ಕಳ ಶಿಕ್ಷಣದ ಕಾನೂನಿನೊಳಗೂ ಇದರ ಮಾತು ಸೇರ್ತು. ಫೈಲ್ ದಪ್ಪ ಇತ್ತು, ತಿರುಳು ಸಣ್ಣದು. ಸಾಲಿಗೆಲ್ಲಾ ಸೇರಿ ಮೂರೋ ನಾಕೋ ನಿರೀಕ್ಷೆ ಇಟ್ಕೋರಿ, ಮೂವತ್ತು ರೂಲ್ಸ್ ಬ್ಯಾಡ. ಅವನ್ನ ಪಾಠದಂಗ ಕಲಸ್ರಿ. ಚೊಲೋ ಮಾಡಿದ್ದು ಕಂಡ್ರ ಅಲ್ಲೇ ಹೇಳ್ರಿ. ಇಷ್ಟು ಮಾಡಿದ್ರ ಅಂದಾಜು ನೂರರಾಗ ಎಂಬತ್ತು ಮಕ್ಕಳಿಗೆ ಸಾಕು, ಹದಿನೈದು ಮಂದಿಗೆ ಇನ್ನಷ್ಟು ಆಸರ ಬೇಕು, ಉಳಿದ ಐದು ಮಂದಿಗೆ ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಯೋಜನೆ ಬೇಕು ಅಂತ ಒಂದು ತ್ರಿಕೋನ ಬರದಿದ್ರು.

ನಮ್ಮ ಪಿ.ಟಿ. ಸರ್ ಫೈಲ್ ಕೈಯಾಗ ಹಿಡದು ತೂಕಾ ನೋಡಿದ್ರು. 'ಸಿಸ್ಟರ್, ಛಡಿ ಛಂ ಛಂ ವಿದ್ಯಾ ಘಂ ಘಂ ಅಂತಿದ್ರು ನಮ್ಮ ಕಾಲಕ್ಕ, ಈಗ ಕೈ ಕಟ್ಟಿಹಾಕ್ಯಾರ, ಇನ್ನ ಇದೊಂದು' ಅಂದ್ರು. ಕೈ ಕಟ್ಟಿಹಾಕಿದ್ದು ಅಂದ್ರ ಆರ್.ಟಿ.ಇ. (ಶಿಕ್ಷಣ ಹಕ್ಕು) ಕಾನೂನಿನ 17ನೇ ಕಲಂ, 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದದ್ದು, ಹೊಡಿಯೂಹಂಗಿಲ್ಲ, ಮಾನಸಿಕ ಕಿರುಕುಳನೂ ಕೊಡೂಹಂಗಿಲ್ಲ. ಸರ್ ಕೆಟ್ಟವರಲ್ಲ, ಬಿಸಲಾಗ ಬಿದ್ದ ಹುಡುಗನ್ನ ಹೆಗಲ ಮ್ಯಾಲ ಹೊತ್ಕೊಂಡು ದವಾಖಾನಿಗೆ ಓಡಿದವರು. ಆದ್ರ ಛಡಿ ಬಿಟ್ಟ ಮ್ಯಾಲ ಆ ಕೈಯಾಗ ಏನು ಹಿಡೀಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಮಗೂ ಹೇಳಿರಲಿಲ್ಲ. ಛಡಿ ಜಾಗಾಕ್ಕ ನಾವು ಬಾಯಿ ಇಟ್ಕೊಂಡ್ವಿ, ಅಷ್ಟ. ಆ ಬೋರ್ಡಿನ ಚೌಕ ಮಾನಸಿಕ ಕಿರುಕುಳದಾಗ ಬರ್ತೈತೋ ಇಲ್ಲೋ ಅಂತ ನಾ ಅಲ್ಲೀತನಕಾ ವಿಚಾರನೂ ಮಾಡಿರಲಿಲ್ಲ.

ಮೂರು ಶಬ್ದ ಆರಿಸಿದ್ವಿ, ಗೌರವ, ಜವಾಬ್ದಾರಿ, ಸುರಕ್ಷತೆ. ಆರಸೂದು ಹತ್ತು ನಿಮಿಷದ ಕೆಲಸ. ಆಮ್ಯಾಲ ಚಾರ್ಟಿನ ಒಂದು ಕಡೆ ಈ ಮೂರು, ಇನ್ನೊಂದು ಕಡೆ ಸಾಲಿಯ ಜಾಗಾಗಳು, ಕ್ಲಾಸು, ಜೀನಿ, ನಳ, ಟಾಯ್ಲೆಟ್, ಊಟದ ಹಾಲ್, ಗ್ರೊಟ್ಟೊ, ಗೇಟು. ಚಾರ್ಟಿನ ಪ್ರತಿ ಮನಿಯೊಳಗ ಏನು ಬರೀಬೇಕು? ಎರಡು ಶನಿವಾರ ಹೋತು ಅದಕ್ಕ. 'ನಳದ ಹಂತ್ಯಾಕ ಗೌರವ' ಅಂದ್ರ ಏನ್ರೀ? ಒಬ್ರು ಸಾಲಾಗಿ ನಿಲ್ಲೂದು ಅಂದ್ರು, ಇನ್ನೊಬ್ರು ಗದ್ದಲಾ ಮಾಡಬಾರ್ದು ಅಂದ್ರು. ಅಷ್ಟೊತ್ತಿಗೆ ಚಾ ತಂದ ಆಯಾ ಬಾಗಲಾಗ ನಿಂತು ಕೇಳಾಕತ್ತಿದ್ಲು. ಸಿಸ್ಟರ್ ಅಕಿನ್ನ ಕರದು, 'ಇಡೀ ದಿನ ಅಲ್ಲಿ ಇರಾಕಿ ನೀನ, ನೀನ ಹೇಳು' ಅಂದ್ರು. ಅಕಿ ಸೆರಗಿಗೆ ಕೈ ಒರಸ್ಕೋತ, 'ಹಿಂದ ನಿಂತ ಕೂಸಿಗೆ ನೀರ ಉಳಸೂದ್ರೀ, ಮತ್ತೇನ್ರೀ' ಅಂದ್ಲು. ಅಕಿ ಓಣ್ಯಾಗ ನೀರು ವಾರಕ್ಕೊಮ್ಮೆ ಬಿಡ್ತಾರ. ಬಿ.ಎಡ್. ಮಾಡಿದವರು ಇಪ್ಪತ್ತೆರಡು ಮಂದಿ ಕುಂತಿದ್ವಿ ಆ ರೂಮಿನಾಗ.

ಆ ವಾಕ್ಯ ಹಂಗ ಚಾರ್ಟಿನ ಮ್ಯಾಲ ಹೋತು, ಇವತ್ತಿಗೂ ನಳದ ಗ್ವಾಡಿ ಮ್ಯಾಲ ಐತಿ. ಆ ಮೀಟಿಂಗಿನಿಂದ ಆಯಾ, ಗೇಟಿನ ಅಜ್ಜ, ಲೈಬ್ರರಿ ಮಿಸ್, ಆಫೀಸಿನ ಕ್ಲರ್ಕ್, ಎಲ್ಲಾರನ್ನೂ ಕರಿಯೂದು ಚಾಲು ಆತು. ಅದು ಇಡೀ ಯೋಜನೆಯೊಳಗ ಎಲ್ಲಾಕಿಂತ ಚೊಲೋ ಆದ ಕೆಲಸ ಅಂತ ನನ್ನ ಅನಿಸಿಕೆ. ಯಾಕಂದ್ರ ಹುಡುಗೂರಿಗೆ ಯಾವ ಮಿಸ್ಸಿನ ಮುಂದ ಹೆಂಗಿರಬೇಕು ಅನ್ನೂದು ಚೊಲೋ ಗೊತ್ತಿರ್ತೈತಿ. ಗಣಿತದ ಸರ್ ಕ್ಲಾಸಿನಾಗ ಕಲ್ಲಿನಂಗ ಕುಂತಾವ ಡ್ರಾಯಿಂಗ್ ಮಿಸ್ ಕ್ಲಾಸಿನಾಗ ಬೆಂಚಿನ ಮ್ಯಾಲ ನಿಂತಿರ್ತಾವ. ಅದು ನಡತಿ ಅಲ್ಲ, ಹವಾಮಾನ ನೋಡಿ ಛತ್ರಿ ಬಿಚ್ಚೂದು.

ಹುಣಸಿ ಬೀಜ

ಒಂದು ತಿದ್ದಿದ್ರ ನಾಲ್ಕು ಚೊಲೋ ಮಾತು ಹೇಳಿರಬೇಕು ಅಂತ ಟ್ರೇನಿಂಗಿನಾಗ ಹೇಳಿದ್ರಂತ. ನಾ ಅದೇನು ಮಹಾ, ನಾ ಹೇಳ್ತಿರ್ತೀನಲಾ ಅನ್ಕೊಂಡೆ. ಒಂದು ಸೋಮವಾರ ಎಣಿಸಿ ನೋಡೂಣು ಅಂತ ಚಾಕ್ ಪೀಸಿನ ಡಬ್ಬಿಯೊಳಗ ಹುಣಸಿ ಬೀಜ ಹಾಕ್ಕೊಂಡು ಹೋದೆ. ಬೈದ್ರ ಎಡಕ್ಕ ಒಂದು, ಹೊಗಳಿದ್ರ ಬಲಕ್ಕ ಒಂದು. ಮಧ್ಯಾಹ್ನ ಊಟದ ಗಂಟಿ ಹೊಡಿಯೂದ್ರಾಗ ಎಡಕ್ಕ 31, ಬಲಕ್ಕ 3. ಆ ಮೂರರಾಗ ಎರಡು ಅದ ಲೀಡರ್ ಹುಡುಗಿಗೆ.

31ರಾಗ ನಿಜವಾಗಿ ಬೈಗುಳ ಅನ್ನೂವು ನಾಲ್ಕೈದ ಇದ್ವು. ಉಳಿದವೆಲ್ಲಾ 'ಏ ಸುಮ್ಕಿರು', 'ಹಿಂದ ಯಾರದು', 'ಮತ್ತ ಮರ್ತ ಬಂದಿ?' ಇಂಥಾವು. ಬಾಯಿ ತಾನ ಅಂತಿತ್ತು, ನಾ ಅಲ್ಲಿ ಇರಲೇ ಇಲ್ಲ. ನಾ ಕನ್ನಡ ಕಲಸಾಕಿ, ಧನ ಬರಿ ಅಂದ್ರ ದನ ಬರೀತಾವ, ದಿನಕ್ಕ ಹತ್ತು ಸಲ ಕೆಂಪ ಇಂಕಿನಾಗ ಹೊಟ್ಟಿ ಸೀಳಿ ಕೊಡ್ತೀನಿ, ಸಿಟ್ಟು ಬರೂದಿಲ್ಲ. ಮಹಾಪ್ರಾಣ ಕಲಿಯಾಕ ವರ್ಷ ಬೇಕು ಅಂತ ಗೊತ್ತೈತಿ. ಸಾಲಾಗಿ ನಿಲ್ಲೂದು ಕಲಿಯಾಕ ಮಾತ್ರ ಒಂದ ಸಲ ಹೇಳಿದ್ರ ಸಾಕು ಅನ್ಕೊಂಡಿದ್ದೆ.

(ನಡುವ ಒಂದು ಮಾತು. ನಾ ಓದಿದ್ದು ಗದಗಿನಾಗ, ಅದೂ ಸಿಸ್ಟರ್‌ಗಳ ಸಾಲೀನ. 1994ರಾಗ ಅಲ್ಲಿ ಕನ್ನಡ ಮಾತಾಡಿದ್ರ ಎಂಟಾಣೆ ದಂಡ. ಯಾರ್ ಮಾತಾಡಿದ್ರು ಅಂತ ಬರಕೊಳ್ಳಾಕ ಒಂದು ಪುಸ್ತಕ ಬ್ಯಾರೆ, ಬರೀತಿದ್ದಾಕಿ ನಾನ. ಬರ್ಕೊಂಡು ಬರ್ಕೊಂಡು ಕಡೀಕ ಕನ್ನಡ ಟೀಚರ್ ಆದೆ. ನಮ್ಮನಿಯವರು ಇದನ್ನ ಹೇಳಿ ಹೇಳಿ ನಗಿಸ್ತಾರ. ಆದ್ರ ಆ ಪುಸ್ತಕ ಕೈಯಾಗ ಇದ್ದಾಗ ಏನು ಖುಷಿ ಇತ್ತು ಅನ್ನೂದು ನಂಗ ನೆನಪೈತಿ, ಅದಕ್ಕ ಲೀಡರ್ ಹುಡುಗಿ ಮ್ಯಾಲ ಸಿಟ್ಟು ಬರ್ಲಿಲ್ಲ.)

ಸ್ಟಾರ್ ಕಾರ್ಡಿನ ಪ್ಯಾಟಿ

ಚೊಲೋ ಮಾಡಿದವರಿಗೆ ಕೊಡಾಕ ಅಂತ ಹಳದಿ ಸ್ಟಾರ್ ಕಾರ್ಡ್ ಮಾಡಿಸಿದ್ವಿ. ಹತ್ತು ಸೇರಿದ್ರ ಒಂದು ಪೆನ್ಸಿಲ್ಲು, ಇಪ್ಪತ್ತೈದಕ್ಕ ಅಸೆಂಬ್ಲಿಯೊಳಗ ಹೆಸರು. ಮೊದಲ ವಾರ ಸಾಲಿ ಸ್ವರ್ಗ ಆಗಿತ್ತು ನೋಡ್ರಿ. ಎರಡನೇ ವಾರ ಒಂದು ಹುಡುಗ ನನ್ನ ಮುಂದನ ಕಿಸೆದಾಗಿಂದ ಚಾಕಲೇಟ್ ಚೀಟಿ ತಗದು ಕೆಳಗ ಬೀಳ್ಸಿ, ನಾ ನೋಡಿದ್ನೋ ಇಲ್ಲೋ ಅಂತ ಖಾತ್ರಿ ಮಾಡ್ಕೊಂಡು, ಬಗ್ಗಿ ಎತ್ತಿ ಕಸದ ಡಬ್ಬಿಗೆ ಹಾಕಿ ಕೈ ಚಾಚಿದ. ಮೂರನೇ ವಾರ ಆರನೇ ಕ್ಲಾಸಿನಾಗ ರೇಟು ನಿಗದಿ ಆಗಿತ್ತು, ಎರಡು ಸ್ಟಾರಿಗೆ ಉಪ್ಪು ಖಾರ ಹಚ್ಚಿದ ಅರ್ಧ ಪೇರಲ. ದುರ್ಗದ ಬೈಲಿನ ವ್ಯಾಪಾರಸ್ಥರ ಮಕ್ಕಳು ಅವು, ಅವಕ್ಕ ನಾವು ಕರೆನ್ಸಿ ಛಾಪಿಸಿ ಕೊಟ್ರ ಸುಮ್ನ ಕೂಡ್ತಾವೇನು.

ಇದೇನು ಹುಬ್ಬಳ್ಳಿ ಹುಡುಗೂರದಷ್ಟ ಬುದ್ಧಿ ಅಲ್ಲ. 1973ರಾಗ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೂ ಮೂವರು ಮನಃಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್‌ನ ಬಾಲವಾಡಿಯೊಳಗ ಒಂದು ಪ್ರಯೋಗ ಮಾಡಿದ್ರು. ಸ್ಕೆಚ್ ಪೆನ್ನಿನಿಂದ ಚಿತ್ರ ಬರಿಯೂದಂದ್ರ ಮೊದಲ ಇಷ್ಟ ಇದ್ದ ಮಕ್ಕಳನ್ನ ಆರಿಸಿ, ಒಂದು ಗುಂಪಿಗೆ 'ಬರದ್ರ ಬಂಗಾರದ ಸ್ಟಾರ್, ರಿಬ್ಬನ್ ಇರೂ ಸರ್ಟಿಫಿಕೇಟ್ ಕೊಡ್ತೀವಿ' ಅಂತ ಮೊದಲ ಹೇಳಿ ಬರಸಿದ್ರು. ಇನ್ನೊಂದು ಗುಂಪಿಗೆ ಏನೂ ಹೇಳ್ದ, ಬರದಾದ ಮ್ಯಾಲ ಅಚಾನಕ್ ಕೊಟ್ರು. ಮೂರನೇದಕ್ಕ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದ್ರ, ಮೊದಲ ಕರಾರು ಮಾಡ್ಕೊಂಡ ಮಕ್ಕಳು ಆ ಪೆನ್ನು ಹಿಡಿಯೂದು ಉಳಿದವರಿಗೆ ಹೋಲಿಸಿದ್ರ ಹೆಚ್ಚೂಕಮ್ಮಿ ಅರ್ಧಕ್ಕ ಇಳದಿತ್ತು. ಅಚಾನಕ್ ಸಿಕ್ಕವರದು ಇಳದಿರಲಿಲ್ಲ. ಬಹುಮಾನ ತಿಂದು ಹಾಕಿದ್ದಲ್ಲ, ಕರಾರು ತಿಂದದ್ದು. ನಾವು ಸ್ಟಾರಿನ ರೇಟ್ ಕಾರ್ಡನ್ನ ಗ್ವಾಡಿಗೆ ಹಚ್ಚಿ ಇಟ್ಟಿದ್ವಿ.

ಮುಂದಿನ ಮೀಟಿಂಗಿನಾಗ ಪಿ.ಟಿ. ಸರ್ ಖುಷಿ ಆಗಿ ನಾ ಹೇಳಿರಲಿಲ್ಲೇನು ಅಂದ್ರು. ಸಿಸ್ಟರ್ ಕಾರ್ಡ್ ಪೂರ್ತಿ ಬಂದ್ ಮಾಡ್ಲಿಲ್ಲ, ಸಣ್ಣ ಕ್ಲಾಸುಗಳಿಗೆ ಇಟ್ರು, ದೊಡ್ಡವರಿಗೆ ಪೆನ್ಸಿಲ್ ಲೆಕ್ಕ ತಗದುಹಾಕಿದ್ರು. ಎರಡನೇದಕ್ಕ ನನ್ನ ಒಪ್ಪಿಗಿ ಐತಿ, ಮೊದಲನೇದಕ್ಕ ಅಷ್ಟಿಲ್ಲ.

ಸಿಳ್ಳು

ಆ ಮೀಟಿಂಗಿನಾಗನ ಸಿಸ್ಟರ್ ಒಂದು ಕಥಿ ಹೇಳಿದ್ರು. ಡಾನ್ ಬಾಸ್ಕೊ ಅಂದ್ರ ನಮಗ ಸಾಲಿಯ ಹೆಸರು ಅಷ್ಟ ಗೊತ್ತು. ಇಟಲಿಯ ಟ್ಯೂರಿನ್ ಊರಿನ ಪಾದ್ರಿ, ಹುಟ್ಟಿದ್ದು 1815, ತೀರ್ಕೊಂಡಿದ್ದು 1888. (ನಮ್ಮ ಶಿಶುನಾಳದ ಷರೀಫಜ್ಜ 1819ರಿಂದ 1889. ಅಲ್ಲೊಬ್ರು ಬೀದಿ ಹುಡುಗೂರನ್ನ ಕೂಡಿಸಿಕೊಂಡಾಗ ಇಲ್ಲಿ ಗೋವಿಂದ ಭಟ್ಟರು ಮುಸಲ್ಮಾನರ ಹುಡುಗನ್ನ ಶಿಷ್ಯ ಅಂತ ಕರಕೊಂಡಿದ್ರು. ಎರಡೂ ಒಂದ ಕಾಲದ ಮಾತು, ನಾ ತಾಳೆ ಹಾಕಿ ನೋಡಿರಲೇ ಇಲ್ಲ.) 1841ರ ಡಿಸೆಂಬರ್ 8, ಡಾನ್ ಬಾಸ್ಕೊ ಚರ್ಚಿನಾಗ ಪೂಜೆಗೆ ತಯಾರಾಗಾಕತ್ತಾರ. ಒಬ್ಬ ಹುಡುಗ ಒಳಗ ಬಂದು ನಿಂತಾನ, ಇಟ್ಟಂಗಿ ಕೆಲಸದ ಹುಡುಗ, ಬಾರ್ತೊಲೊಮಿಯೊ ಗರೆಲ್ಲಿ ಅಂತ ಹೆಸರು. ಚರ್ಚಿನ ಕೆಲಸದಾಂವ ಪೂಜೆಗೆ ಸಹಾಯ ಮಾಡು ಅಂದ, ಇಂವಾ ಬರೂದಿಲ್ಲ ಅಂದ, ಬರೂದಿಲ್ಲಂದ್ರ ಇಲ್ಯಾಕ ಬಂದಿ ಅಂತ ಅಂವಾ ಕೋಲು ತಗೊಂಡು ಬಡದು ಓಡಿಸಿದ. ಡಾನ್ ಬಾಸ್ಕೊ ಆ ಹುಡುಗನ್ನ ವಾಪಸ್ ಕರಸಿದ್ರು. ಅಪ್ಪ ಅದಾನೇನು, ಇಲ್ಲ. ಅವ್ವ, ಇಲ್ಲ. ಓದಾಕ ಬರ್ತೈತೇನು, ಇಲ್ಲ. ಹಾಡಾಕ, ಇಲ್ಲ. ಸಿಳ್ಳು ಹೊಡಿಯಾಕ ಬರ್ತೈತೇನು? ಹುಡುಗ ನಕ್ಕ.

ಸಿಸ್ಟರ್ ಇಷ್ಟ ಹೇಳಿ ನಿಲ್ಲಿಸಿದ್ರು. ನನಗ ಎದಿ ಝಲ್ ಅಂತು, ಯಾಕಂದ್ರ ನಮ್ಮ ಸಾಲ್ಯಾಗ ಸಿಳ್ಳು ಹೊಡದ್ರ ಡೈರಿಯೊಳಗ ರಿಮಾರ್ಕು. ನಮ್ಮ 23ರ ಹುಡುಗನ ಡೈರಿಯೊಳಗ ಅಂಥಾವು ಆರು ಇದ್ವು, ಎರಡು ನನ್ನ ಕೈಬರಹದ್ವು. ಅವರಪ್ಪ ರೈಲ್ವೆ ವರ್ಕ್‌ಶಾಪಿನಾಗ ಕೆಲಸ ಮಾಡ್ತಾರ. ಹುಡುಗ ಎರಡು ಬೊಟ್ಟು ಬಾಯಾಗ ಇಟ್ಟು ವರ್ಕ್‌ಶಾಪಿನ ಸೈರನ್ನಿಂದ ಹಿಡದು ಗೂಡ್ಸ್ ಗಾಡಿ ಹಾರ್ನ್‌ತನಕಾ ಎಲ್ಲಾ ಹೊಡೀತಾನ, ಕಣ್ಣು ಮುಚ್ಚಿ ಕೇಳಿದ್ರ ಪ್ಲ್ಯಾಟ್‌ಫಾರ್ಮಿನ ಮ್ಯಾಲ ನಿಂತಂಗ ಆಗ್ತೈತಿ.

ಡಾನ್ ಬಾಸ್ಕೊ 1877ರಾಗ ತಮ್ಮ ಪದ್ಧತಿ ಬಗ್ಗೆ ಸಣ್ಣದೊಂದು ಲೇಖನ ಬರದ್ರು. ತಪ್ಪಾದ ಮ್ಯಾಲ ಶಿಕ್ಷೆ ಕೊಡೂದು ಒಂದು ದಾರಿ, ತಪ್ಪ ಆಗದಂಗ ಮಗ್ಗಲದಾಗ ಇರೂದು ಇನ್ನೊಂದು, ನಂದು ಎರಡನೇದು ಅಂತ. ವಿವೇಕ, ಧರ್ಮ, ಅಂತಃಕರಣ, ಈ ಮೂರರ ಮ್ಯಾಲ ಅದು ನಿಂತೈತಿ ಅಂತ ಬರದ್ರು. ಪ್ರೀತಿ ಇದ್ರ ಸಾಲದು, ತಮ್ಮನ್ನ ಪ್ರೀತಿ ಮಾಡ್ತಾರ ಅಂತ ಹುಡುಗೂರಿಗೆ ಗೊತ್ತಾಗಬೇಕು ಅನ್ನೂದು ಅವರ ಮಾತಿನ ತಾತ್ಪರ್ಯ. ಅವರದೊಂದು ರೂಢಿ ಇತ್ತಂತ, ಹುಡುಗೂರು ಆಡೂಮುಂದ ಒಬ್ಬನ್ನ ಕರದು ಕಿವಿಯಾಗ ಒಂದ ಮಾತು ಹೇಳಿ ಕಳಸೂದು. ಮಂದಿ ಮುಂದ ಅಲ್ಲ, ಅಸೆಂಬ್ಲಿ ಮೈಕಿನಾಗ ಅಲ್ಲ.

ನಾ ಇದನ್ನ ಮಾಡಿ ನೋಡೂಣು ಅಂತ ಠರಾಯಿಸ್ದೆ. ಆದ್ರ 23ಕ್ಕ ಏನಂತ ಹೇಳೂದು? ಚೊಲೋ ಮಾತು ಹೇಳಬೇಕಂದ್ರ ಚೊಲೋದು ಏನರ ಕಂಡಿರಬೇಕಲ್ಲ, ನಾ ಅವನ್ನ ಬೋರ್ಡಿನ ಮ್ಯಾಲ ಅಷ್ಟ ನೋಡಿದ್ದೆ. ನಾಲ್ಕು ದಿನ ಹಿಂದಿಂದ ನೋಡ್ದೆ. ಐದನೇ ದಿನ ಊಟದ ಹಾಲಿನಾಗ ಯು.ಕೆ.ಜಿ. ಕೂಸೊಂದು ಡಬ್ಬಿ ಮುಚ್ಚಳ ತಗಿಯಾಕ ಬರ್ದ ಅಳು ಬಾಯಿ ಮಾಡಿ ಕುಂತಿತ್ತು. ಇಂವಾ ಓಡ್ಕೋತ ಹೋಗಾಂವ ನಿಂತು, ಡಬ್ಬಿ ಇಸ್ಕೊಂಡು, ಅಂಗಿ ತುದಿಯಿಂದ ಹಿಡದು ತಿರುವಿ ತಗದ. ಒಳಗ ಇದ್ದ ಚಪಾತಿ ಸುರಳಿಯನ್ನ ಎರಡು ತುಂಡು ಮಾಡಿ ಮುಚ್ಚಳದಾಗ ಇಟ್ಟು ಕೊಟ್ಟ. ಅದಾದ ಮ್ಯಾಲ ತನ್ನ ಬೊಟ್ಟಿಗೆ ಹತ್ತಿದ ಶೇಂಗಾ ಚಟ್ನಿ ನೆಕ್ಕೋತ ಮತ್ತ ಓಡಿದ. ಎಲ್ಲಾ ಸೇರಿ ಅರ್ಧ ನಿಮಿಷ.

ಮಧ್ಯಾಹ್ನದ ಪಿರಿಯಡ್ಡಿನಾಗ ನೋಟ್ ಬುಕ್ ತಿದ್ದೂ ನೆಪದಾಗ ಹತ್ರ ಕರದು, ಬಗ್ಗಿ ಮೆಲ್ಲಕ, 'ಊಟದ ಹಾಲಿನಾಗ ನೀ ಮಾಡಿದ್ದು ನೋಡಿದ್ನೆಪಾ' ಅಂದೆ.

'ನಾ ಏನೂ ಮಾಡಿಲ್ರೀ ಮಿಸ್!' ಅಂದ. ಜೋರಾಗಿ, ಇಡೀ ಕ್ಲಾಸಿಗೆ ಕೇಳೂವಂಗ. ಎರಡು ಕೈ ಹಿಂದ ಹೋಗಿದ್ವು.

ಡಬ್ಬಿ ಬಿಚ್ಚಿ ಕೊಟ್ಯಲ್ಲ, ಅದನ್ನ ಹೇಳಿದ್ದು ಅಂದೆ. ನನ್ನ ಮಾರಿ ನೋಡ್ದ, ಇದ್ರಾಗೇನೋ ಡಾವು ಐತಿ ಅನ್ನೂವಂಗ. ಆಮ್ಯಾಲ, 'ಅದು ಟೈಟ್ ಇತ್ರೀ' ಅಂದು ಜಾಗಾಕ್ಕ ಹೋಗಿ ಕುಂತ. ಮಾತಾಡೂದೇನು ಬಿಡ್ಲಿಲ್ಲ, ಅವತ್ತ ಅದ ಪಿರಿಯಡ್ಡಿನಾಗ ಎರಡು ಸಲ ಹಿಂದ ತಿರಗಿದ.

ಇನ್ನೂ ಉಳಿದದ್ದು

ಎಲ್ಲಾ ಸರಿ ಹೋತು ಅಂತ ಹೇಳಾಕ ಬರೂದಿಲ್ಲ. ತ್ರಿಕೋನದ ತುದಿಯ ಐದು ಮಂದಿ ಅಂತ ಫೈಲಿನಾಗ ಬರದಿದ್ರಲ್ಲ, ಅಂಥಾ ಮಕ್ಕಳಿಗೆ ಬೇಕಾಗಿದ್ದು ನಮ್ಮ ಹತ್ರ ಇಲ್ಲ. ಕೌನ್ಸೆಲರ್ ಇಲ್ಲ, ಸಿಸ್ಟರ್ ತಾವ ಸಂಜೀಕ ಸ್ಕೂಟಿ ಹತ್ತಿ ಮನಿಗೆ ಹೋಗಿ ಬರ್ತಾರ, ಏನು ಕಂಡು ಬಂದ್ರು ಅಂತ ನಮಗ ಹೇಳೂದಿಲ್ಲ, ಹೇಳಬಾರ್ದು ಕೂಡ. ಪೇರೆಂಟ್ಸ್ ಮೀಟಿಂಗಿನಾಗ ಒಬ್ರು, 'ಮಿಸ್, ನೀವು ಈಗ ಬಡಿಯೂದ ಬಿಟ್ಟೀರಂತ, ಫೀಜು ಮಾತ್ರ ಕಮ್ಮಿ ಆಗಿಲ್ಲ' ಅಂದ್ರು. ಮಕ್ಕಳಿಗೆ ಮೊದಲ ಗುರು ತಂದಿ ತಾಯಿ ಅಂತ ಚರ್ಚಿನವರು 1965ರ ವ್ಯಾಟಿಕನ್ ಘೋಷಣೆಯೊಳಗನ ಬರದಾರ, ಅದನ್ನ ಸಿಸ್ಟರ್ ಆ ಮೀಟಿಂಗಿನಾಗ ಓದಿದ್ರು, ಕೇಳಿದವರು ತಲಿ ಅಲ್ಲಾಡ್ಸಿ ಗಿರ್ಮಿಟ್ಟು ಚಾ ಮುಗಿಸಿ ಹೋದ್ರು.

ನಾ ನನ್ನ ಕ್ಲಾಸಿನ ಚೌಕಕ್ಕ ಏನು ಮಾಡೂದು ಅಂತ ಭಾಳ ದಿನ ಗೊತ್ತಾಗ್ಲಿಲ್ಲ. ಟಾಕರ್ಸ್ ಅನ್ನೂದನ್ನ ಅಳಸಿ 'ಇವತ್ತು ಯಾರ್ ಏನು ಚೊಲೋ ಮಾಡಿದ್ರು' ಅಂತ ಬರಿಯೂಣು ಅಂದ್ಕೊಂಡೆ, ಸ್ಟಾರ್ ಕಾರ್ಡಿನ ಪ್ಯಾಟಿ ನೆನಪಾಗಿ ಬಿಟ್ಟೆ. ಕಡೀಕ ಅಲ್ಲಿ ದಿನಕ್ಕೊಂದು ಹೊಸಾ ಕನ್ನಡ ಶಬ್ದ ಬರಿಯೂದು ಚಾಲು ಮಾಡ್ದೆ. ಲೀಡರ್ ಒಬ್ರ ಇರೂದು ಬ್ಯಾಡ, ವಾರಕ್ಕೊಬ್ರು ಅಂತನೂ ಮಾಡ್ದೆ, ರೋಲ್ ನಂಬರ್ ಪ್ರಕಾರ.

23ರ ಪಾಳಿ ಬಂದದ್ದು ಫೆಬ್ರುವರಿಯಾಗ. ಲೀಡರ್ ಬ್ಯಾಡ್ಜ್ ಚುಚ್ಚಿದಾಗ ಅಂಗಿ ಇಸ್ತ್ರಿ ಆಗಿತ್ತು, ತಲಿಗೆ ಎಣ್ಣಿ ಹಚ್ಕೊಂಡು ಬಂದಿದ್ದ. ಆಫೀಸಿನಿಂದ ಕರೆ ಬಂತು ಅಂತ ನಾ ಹೊರಗ ಹೋಗಬೇಕಾತು, ಎಲ್ಲಾರನ್ನೂ ನೋಡ್ಕೋ ಅಂತ ಅವಂಗ ಹೇಳಿ ಹೋದೆ. ಹತ್ತು ನಿಮಿಷ ಬಿಟ್ಟು ಬಂದ್ರ ಕ್ಲಾಸ್ ಅಷ್ಟೇನು ಗದ್ದಲಿರಲಿಲ್ಲ. ಇಂವಾ ಬೋರ್ಡಿನ ಹಂತ್ಯಾಕ ಚಾಕ್ ಪೀಸ್ ಹಿಡ್ಕೊಂಡು ನಿಂತಿದ್ದ. ಚೌಕದಾಗಿನ ನನ್ನ ಶಬ್ದ ಅಳಸಿತ್ತು, ಆ ಜಾಗಾದಾಗ ಒಂದ ಹೆಸರು ಬರದಿದ್ದ. ತನ್ನದ.

ಇದ್ಯಾಕಪಾ ಅಂತ ಕೇಳ್ದೆ.

'ರೂಢಿ ರೀ ಮಿಸ್' ಅಂದು, ಅಂಗೈಲೆ ಒರಸಾಕ ಹತ್ತಿದ.